ಸಾಹೇಬರ ಬಲಗಡೆಯ ಜಾಗ

ನಮ್ಮ ಸಾಹೇಬರ ಎಡಗಿವಿ ಅರ್ಧಕ್ಕೆ ಮಡಚಿಕೊಂಡಿತ್ತು. ನೌಕರಿಗೆ ಸೇರಿದ ಹೊಸದರಲ್ಲಿ ಕೂಡ್ಲಿಗಿ ಕಡೆಯ ಎತ್ತೊಂದು ಕೊಂಬು ಬೀಸಿದ ಗುರುತು ಅದು. ಹೊಲಿಗೆ ಹಾಕಿ ಕಿವಿಯನ್ನೇನೋ ಉಳಿಸಿದ್ದರು, ಆದರೆ ಆ ಕಡೆ ಏನೂ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಬಲಗಿವಿಯನ್ನು ಅವರ ಕಡೆ ಕೊಟ್ಟು, ಮುಖ ಗೋಡೆಯ ಕಡೆ ತಿರುಗಿಸಿ ಕೂರುತ್ತಿದ್ದರು. ಗೊತ್ತಿಲ್ಲದವರು, ಈ ಮನುಷ್ಯನಿಗೆ ನಮ್ಮ ಮಾತು ಬೇಕಾಗಿಲ್ಲ ಎಂದುಕೊಂಡು ನಡುವೆಯೇ ಬಾಯಿ ಮುಚ್ಚುತ್ತಿದ್ದರು. ಮೊದಲ ದಿನ ನಾನೂ ಹಾಗೇ ಸುಮ್ಮನಾಗಿದ್ದೆ. "ನಿಲ್ಲಿಸಬ್ಯಾಡವ್ವ, ಹೇಳು" ಅಂದಿದ್ದರು, ಗೋಡೆ ನೋಡುತ್ತಲೇ.

ಅವರು ಕೊಟ್ಟೂರಿನಲ್ಲಿ ಹಿರಿಯ ಪಶುವೈದ್ಯರು. ನಾನು ಚಿಗಟೇರಿ ಕಡೆಯ ಒಂದು ಹಳ್ಳಿಯ ದನದ ಆಸ್ಪತ್ರೆಯ ಡಾಕ್ಟರು. ನಮ್ಮಿಬ್ಬರನ್ನು ಹತ್ತಿರ ತಂದದ್ದು ದನವೂ ಅಲ್ಲ, ಕುರಿಯೂ ಅಲ್ಲ, ಒಂದು ಸಮ್ಮೇಳನ. ಹೌದು, ಸಮ್ಮೇಳನವೇ. ಆ ಶಬ್ದ ಕೇಳಿದರೆ ಈಗಲೂ ಕೆಲವರಿಗೆ ಆಕಳಿಕೆ ಬರುತ್ತದೆ. ನನಗೆ ಮಾತ್ರ ಮೈಯಲ್ಲಿ ಹುರುಪು ಬರುತ್ತದೆ. ಅದು ಸಾಹೇಬರ ಕೃಪೆ.

ಐದು ತಾಲ್ಲೂಕಿನ ಪಶುವೈದ್ಯರು ವರ್ಷಕ್ಕೊಮ್ಮೆ ಸೇರುತ್ತಿದ್ದೆವು. ಸೇರಿ ಏನು ಮಾಡುತ್ತಿದ್ದೆವು ಎಂದು ಮಾತ್ರ ಕೇಳಬೇಡಿ. ವೇದಿಕೆ ತುಂಬ ಕುರ್ಚಿ, ಪ್ರಾರ್ಥನೆ, ದೀಪ, ಸ್ವಾಗತ, ಹಾರ, ಶಾಲು. ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ ಎಂಬ ಪ್ರಕಟಣೆ. ಅವರು ಬಂದ ಮೇಲೆ ಮತ್ತೊಮ್ಮೆ ಸ್ವಾಗತ. ಆಮೇಲೆ ಊರಾಚೆಯಿಂದ ಬಂದ ಯಾರೋ ಪರದೆ ಮೇಲಿನ ಅಕ್ಷರಗಳನ್ನು ನಮಗೆ ಓದಲು ಬರುವುದಿಲ್ಲವೇನೋ ಎನ್ನುವಂತೆ ಓದಿ ಹೇಳುತ್ತಿದ್ದರು. ಊಟವಾದ ಕೂಡಲೇ ಅರ್ಧ ಸಭೆ ಬಸ್ ಸ್ಟ್ಯಾಂಡಿನಲ್ಲಿ. ವಂದನಾರ್ಪಣೆ ಖಾಲಿ ಕುರ್ಚಿಗಳಿಗೆ. ನಮಗೆ ಒಂದು ಬ್ಯಾಗು, ಒಂದು ಪೆನ್ನು.

ಮೈಕಿನ ಮಾತು ಸಾಹೇಬರಿಗೆ ಬರೀ ಗುಂಯ್ ಎನ್ನುವ ಸದ್ದು. ಇಷ್ಟು ವರ್ಷದ ಸಮ್ಮೇಳನಗಳಲ್ಲಿ ಅವರು ಕಲಿತದ್ದೆಲ್ಲ ಊಟದ ಪಂಕ್ತಿಯಲ್ಲಿ, ಬಲಗಡೆ ಕೂತವರಿಂದ. ಕೊಟ್ಟೂರಿನ ಸರದಿ ಬಂದ ವರ್ಷ ತಯಾರಿಯ ಸಭೆಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. "ನನಗ ಕೇಳಿಸಿದ್ದೆಲ್ಲಾ ಉಣ್ಣೋವಾಗ ಕೇಳಿಸಿದ್ದು. ಹಂಗಾದ್ರ ಉಣ್ಣೋದನ್ನ ಸಮ್ಮೇಳನ ಮಾಡಿದ್ರ ಆತಲ್ಲ."

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಕಲ್ಯಾಣ ಮಂಟಪದ ದೊಡ್ಡ ಹಾಲು ಬೇಡ, ಊಟದ ಹಾಲು ಸಾಕು ಎಂದರು. ವೇದಿಕೆ ಇಲ್ಲ, ಮೈಕು ಇಲ್ಲ. ನೆಲಕ್ಕೆ ಜಮಖಾನ, ನಡುನಡುವೆ ಪೇಪರು ಹಾಸಿ ಖಾರ ಮಂಡಕ್ಕಿಯ ಗುಡ್ಡೆ, ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ. ಒಂದೊಂದು ಗುಡ್ಡೆಯ ಸುತ್ತ ಕೆಲವೇ ಜನ, ಒಂದೇ ತಾಲ್ಲೂಕಿನವರು ಒಂದೇ ಕಡೆ ಕೂರುವಂತಿಲ್ಲ. ಪ್ರಬಂಧ ಯಾರೂ ತರಬೇಕಿಲ್ಲ. ತನಗೆ ಬಗೆಹರಿಯದ ಒಂದು ಕೇಸು ತಂದರೆ ಸಾಕು.

ಹೋ ಎಂದು ಗದ್ದಲವೆದ್ದಿತು. ಮೇಲಧಿಕಾರಿಗಳು ಬರುತ್ತಾರೆ, ಅವರನ್ನು ನೆಲಕ್ಕೆ ಕೂರಿಸುವುದೇ, ಹಾರ ಎಲ್ಲಿ ಹಾಕುವುದು, ನಿವೃತ್ತಿಯ ಹೊಸ್ತಿಲಲ್ಲಿ ಇದೆಲ್ಲ ಬೇಕೇ ಎಂದು ಒಬ್ಬರಾದ ಮೇಲೊಬ್ಬರು ಬುದ್ಧಿ ಹೇಳಿದರು. ಬುದ್ಧಿ ಹೇಳಿದವರೆಲ್ಲ ಅವರ ಎಡಗಡೆ ಕೂತಿದ್ದರು ಎನ್ನುವುದು ನನಗೆ ಆಮೇಲೆ ಹೊಳೆಯಿತು.

ನನಗೂ ಒಂದು ಕೇಸಿತ್ತು, ಅದು ನನ್ನ ನಿದ್ದೆ ತಿಂದಿತ್ತು. ನಮ್ಮ ಕಡೆ ಕುರಿ ಹಿಂಡುಗಳು ಊರಿಂದೂರಿಗೆ ನಡೆಯುತ್ತವೆ. ಹಿಂಡು ಸಿಕ್ಕಲ್ಲಿ ನಾನು ಲಸಿಕೆ ಹಾಕಿದ್ದೆ. ಮರುದಿನ ಕುರಿಗಳಿಗೆ ಸಣ್ಣ ಜ್ವರ, ಕುಂಟು. ಹಿಂಡು ಮಾತ್ರ ನಡೆಯಲೇಬೇಕು. ನಡೆಯಲಾರದ ಮರಿಗಳನ್ನು ಹೆಗಲ ಮೇಲೆ ಹೊತ್ತವರು ನನ್ನನ್ನು ಶಪಿಸಿದ್ದರು. ಹಿಂಡಿನ ಹಿರಿಯಜ್ಜ ನಮ್ಮ ಆಸ್ಪತ್ರೆಯ ಮುಂದೆಯೇ ನಿಂತು, ಈಕೆಯ ಸೂಜಿ ನಮ್ಮ ಕುರಿಗೆ ಬೇಡ ಎಂದು ಹೇಳಿ ಹೋಗಿದ್ದ. ಆಮೇಲೆ ಒಬ್ಬರೂ ಕರೆಯಲಿಲ್ಲ. ಲಸಿಕೆ ಇಲ್ಲದೆ ಮಳೆಗಾಲ ಬಂದರೆ ಹಿಂಡಿಗೆ ಹಿಂಡೇ ರೋಗಕ್ಕೆ ಬೀಳಬಹುದಿತ್ತು. ನಾನು ವರ್ಗಾವಣೆ ಕೇಳುವ ಯೋಚನೆಯಲ್ಲಿದ್ದೆ.

ಸಮ್ಮೇಳನದ ಹಿಂದಿನ ದಿನ ಸಂಜೆ ಸಾಹೇಬರು ನನ್ನನ್ನು ಮಂಟಪಕ್ಕೆ ಕರೆಸಿಕೊಂಡರು. ಖಾಲಿ ಪೇಪರು ಹಾಸಿ ಒಂದೊಂದು ಜಾಗದಲ್ಲೂ ತಾವೇ ಕೂತು, ನನ್ನನ್ನು ಎದುರಿಗೆ ಕೂರಿಸಿ ಮಾಮೂಲಿ ದನಿಯಲ್ಲಿ ಮಾತಾಡು ಎಂದರು. ಕೇಳಿಸದಿದ್ದರೆ ಪೇಪರನ್ನು ಚಿಕ್ಕದು ಮಾಡುವುದು, ಮತ್ತೆ ಕೂರುವುದು. ಮಂಟಪದ ಅಡಿಗೆಯವರಿಬ್ಬರನ್ನು ಪಕ್ಕದ ಗುಡ್ಡೆಯ ಜಾಗದಲ್ಲಿ ಹರಟಲು ಬಿಟ್ಟು, ಅವರ ಮಾತು ನಮ್ಮ ಮಾತಿಗೆ ಅಡ್ಡ ಬರದಷ್ಟು ದೂರಕ್ಕೆ ಜಮಖಾನ ಎಳೆಯುವುದು. ಫ್ಯಾನಿನ ಸದ್ದಿಗೂ ಒಂದು ಜಾಗ ಬದಲಾಯಿತು. ಕಿವುಡರೊಬ್ಬರು ಅಳತೆ ಹಾಕಿದ ಸಭೆಯಲ್ಲಿ ಯಾರಿಗೆ ತಾನೇ ಕೇಳಿಸದೆ ಇದ್ದೀತು? ನನಗೆ ಆಗಲೇ ಪುಳಕ ಶುರುವಾಗಿತ್ತು.

ಬೆಳಿಗ್ಗೆ ಬಂದವರು ಬಾಗಿಲಲ್ಲೇ ಕಕ್ಕಾಬಿಕ್ಕಿಯಾದರು. ಕೆಲವರು ಅಭ್ಯಾಸಬಲದಿಂದ ಹಿಂದಿನ ಸಾಲು ಹುಡುಕಿದರು. ಸಾಲೇ ಇರಲಿಲ್ಲ. ಸಾಹೇಬರು ನನ್ನನ್ನು ಕಂಡು, "ಡಾಕ್ಟರವ್ವ, ನೀ ನನ್ನ ಬಲಕ್ಕ ಕುಂದ್ರು" ಅಂದರು. ಹೇಳಿದ ಹೊತ್ತಿಗೆ ಶುರುವೂ ಆಯಿತು. ಮೊದಲು ಮಂಡಕ್ಕಿಗೆ ಕೈ ಹೋಯಿತು, ಹಿಂದೆಯೇ ಮಾತು ಬಂತು. ಒಂದು ಗುಡ್ಡೆಯಲ್ಲಿ ಎಮ್ಮೆಯ ಗರ್ಭ, ಇನ್ನೊಂದರಲ್ಲಿ ಮೇಕೆಯ ಹೊಟ್ಟೆಯುಬ್ಬರ. ಮಿರ್ಚಿ ಕಚ್ಚಿ ಕಣ್ಣಲ್ಲಿ ನೀರು ಸುರಿಸುತ್ತಲೇ ವಾದ ಮಾಡುವವರನ್ನು ನಾನು ಅಲ್ಲಿಯೇ ಕಂಡದ್ದು. ನಾನೂ ನನ್ನ ಕುರಿಗಳ ಕಥೆ ಶುರುಮಾಡಿದೆ.

ಅಷ್ಟರಲ್ಲಿ ಮೇಲಧಿಕಾರಿಗಳು ಬಂದರು. ಇಡೀ ಹಾಲು ಗಪ್ ಎಂದಿತು. ಅವರು ವೇದಿಕೆ ಹುಡುಕುತ್ತ ಬಂದು, ಸಾಹೇಬರ ಎಡಗಡೆಯೇ ನಿಂತರು. ಸಾಹೇಬರಿಗೆ ಬೂಟಿನ ಸದ್ದೂ ಕೇಳಿಸಲಿಲ್ಲ, ಯಾರೋ ಕೆಮ್ಮಿ ಎಚ್ಚರಿಸಿದ್ದೂ ಕೇಳಿಸಲಿಲ್ಲ. ಕಣ್ಣುಮುಚ್ಚಿ ನನ್ನ ಮಾತಿಗೆ ಕಿವಿ ಕೊಟ್ಟಿದ್ದರು. ನನ್ನ ಮಾತು ನಿಂತಿತು.

"ಯಾಕವ್ವ ನಿಲ್ಲಿಸಿದಿ? ಕುರಿ ಕುಂಟಿದ್ವು, ಮುಂದ?"

ನಾನು ಮೇಲೆ ನೋಡಿದೆ. ಮೇಲಧಿಕಾರಿಗಳು ಒಂದು ಗಳಿಗೆ ಸಾಹೇಬರ ಮಡಚಿದ ಕಿವಿಯನ್ನೇ ನೋಡಿದರು. ಆಮೇಲೆ ಬಗ್ಗಿ ಬೂಟಿನ ದಾರ ಬಿಚ್ಚಿದರು. "ಸ್ವಲ್ಪ ಸರೀರಿ" ಎಂದು ಎಡಕ್ಕೆ ಕೂತರು. ಪಕ್ಕದಲ್ಲಿ ಯಾರೋ ತಡವಾಗಿ ಬಂದರೆಂದಷ್ಟೇ ತಿಳಿದ ಸಾಹೇಬರು ಕಣ್ಣು ತೆರೆಯದೆಯೇ ಮಿರ್ಚಿ ತಟ್ಟೆಯನ್ನು ಆ ಕಡೆ ತಳ್ಳಿದರು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು, ಅಧಿಕಾರಿಗಳೂ ನಕ್ಕರು. ನಾನು ಕಥೆ ಮುಂದುವರಿಸಿದೆ.

ಮುಗಿಸಿದಾಗ, ಎದುರಿಗಿದ್ದ ಹಡಗಲಿಯ ಡಾಕ್ಟರು ಕೈಯ ಖಾರ ಒರೆಸಿಕೊಂಡರು. ಮೈಲಾರದ ಕಡೆಯ ಹೊಲಗಳಲ್ಲಿ ಹಿಂಡುಗಳಿಗೆ ಲಸಿಕೆ ಹಾಕಿ ಪಳಗಿದವರು.

"ನಡಿಯೋ ಕುರಿಗಿ ಹಾಕಬ್ಯಾಡ್ರಿ. ಗೊಬ್ಬರಕ್ಕಂತ ಹೊಲದಾಗ ಹಿಂಡು ನಿಲ್ಲಿಸ್ತಾರಲ್ಲ, ಬಂದು ಇಳಿದ ದಿನಾನ ಹಾಕ್ರಿ. ಜ್ವರ ಬಿಡೋತನಕ ಕುರಿ ಅಲ್ಲೇ ಇರ್ತಾವ. ನಂಗೂ ಮೊದ್ಲು ಹಿಂಗ ಆಗಿತ್ತು."

ಇಷ್ಟೇ! ಎರಡು ವರ್ಷ ಇದೇ ಮನುಷ್ಯ ಸಮ್ಮೇಳನದಲ್ಲಿ ನನ್ನಿಂದ ನಾಲ್ಕು ಕುರ್ಚಿ ಆಚೆ ಕೂತು ಆಕಳಿಸಿದ್ದರು. ನನ್ನ ಉತ್ತರ ನಾಲ್ಕು ಕುರ್ಚಿ ಆಚೆಗೇ ಇತ್ತು, ಇಬ್ಬರೂ ಮುಂದಿನ ಸಾಲಿನವರ ಬೆನ್ನು ನೋಡಿಕೊಂಡು ಮನೆಗೆ ಹೋಗಿದ್ದೆವು. ಸಂತೋಷಕ್ಕೋ ಸಿಟ್ಟಿಗೋ ನನಗೆ ಅಳು ಬಂತು. ಮಿರ್ಚಿ ಖಾರ ಎಂದು ಸುಳ್ಳು ಹೇಳಿದೆ. ಅಂದು ಊಟವಾದ ಮೇಲೂ ಯಾರೂ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ.

ಅದಾದ ಮೇಲೆ ನಾನೇ ಹಿಂಡಿನ ಹಿರಿಯಜ್ಜನನ್ನು ಹುಡುಕಿಕೊಂಡು ಹೋಗಿ, ನೀವು ಹೊಲಕ್ಕೆ ಇಳಿದ ದಿನವೇ ಬರುತ್ತೇನೆ, ನಡೆಯುವ ದಿನ ಮುಟ್ಟುವುದಿಲ್ಲ ಎಂದು ಹೇಳಿ ಬಂದೆ. ಅಜ್ಜ ಕೇಳಿಸಿಕೊಂಡು ಹಿಂಡಿನ ಹಿಂದೆ ನಡೆದ. ಮಳೆಗಾಲ ಇನ್ನೂ ದೂರವಿರುವಾಗ ಒಂದು ದಿನ ಅಜ್ಜನ ಫೋನು ಬಂತು. "ಅವ್ವಾ, ನಾಳಿ ಚಿಗಟೇರಿ ಹೊಲಕ್ಕ ಇಳೀತೀವಿ. ಬರ್ರಿ." ನಾನು ವರ್ಗಾವಣೆ ಕೇಳಲಿಲ್ಲ.

ಸಾಹೇಬರು ನಿವೃತ್ತರಾದರು. ಆಮೇಲೆ ಬಲಗಿವಿಯೂ ಮಂದವಾಗುತ್ತ ಬಂತು. ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯಲ್ಲಿದ್ದರು. ಈ ಸಲ ಸಮ್ಮೇಳನ ಯಾವ ಊರಲ್ಲಿ ಎಂದು ಕೇಳಿದರು. ಹರಪನಹಳ್ಳಿ, ಜವಾಬ್ದಾರಿ ನನ್ನದೇ ಎಂದು ಕೂಗಿ ಹೇಳಿದೆ. ಮುಖ ಅರಳಿತು. "ಹೊಸಬರು ಯಾರದಾರ ನೋಡು. ಮೊದ್ಲು ಅವರಿಗೆ ಜಾಗ ಮಾಡು" ಅಂದರು. ಸಮ್ಮೇಳನಕ್ಕೆ ಮೊದಲೇ ಹೋಗಿಬಿಟ್ಟರು. ಅವರ ಅಳತೆಯ ಸಭೆಯನ್ನು ಅವರಿಲ್ಲದೆ ಕೂಡಿಸಬೇಕಾಯಿತಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಹರಪನಹಳ್ಳಿಯಲ್ಲಿ ಪೇಪರು ಹಾಸಿ, ಕೂತು, ಎದ್ದು, ಫ್ಯಾನಿನ ಸದ್ದು ಕೇಳಿ, ಎಲ್ಲವನ್ನೂ ಅವರ ಹಾಗೆಯೇ ಮಾಡಿದೆ. ಬೆಳಿಗ್ಗೆ ಬಾಗಿಲಲ್ಲಿ, ಬಾಗಳಿ ಕಡೆಗೆ ಹೊಸದಾಗಿ ಬಂದ ಡಾಕ್ಟರೊಬ್ಬಳು ಹಿಂದಿನ ಸಾಲು ಹುಡುಕುತ್ತ ನಿಂತಿದ್ದಳು. ಕರೆದು ಬಲಕ್ಕೆ ಕೂರಿಸಿಕೊಂಡೆ. ಮಂಡಕ್ಕಿಗೆ ಕೈ ಹಾಕಿ, ಅಳುಕುತ್ತ ಅವಳು ತನ್ನ ಕೇಸು ಹೇಳತೊಡಗಿದಳು. ಸ್ವಲ್ಪ ಹೊತ್ತಿಗೆ ದನಿ ಇಳಿದು, ನಿಂತೇ ಹೋಯಿತು. ಏಕೆಂದು ತಿಳಿಯದೆ ತಿರುಗಿ ನೋಡಿದಾಗ ಗೊತ್ತಾಯಿತು. ನನ್ನ ಎರಡೂ ಕಿವಿ ಚೆನ್ನಾಗಿವೆ. ಆದರೂ ಅಷ್ಟು ಹೊತ್ತು ನಾನು ಬಲಗಿವಿ ಅವಳಿಗೆ ಕೊಟ್ಟು, ಮುಖ ಗೋಡೆಯ ಕಡೆ ಮಾಡಿ ಕೂತಿದ್ದೆ.

"ನಿಲ್ಲಿಸಬ್ಯಾಡವ್ವ, ಹೇಳು" ಅಂದೆ.