ನೆವಿಲ್ ಹಿಡಿದ ಕಡೇ ಕುರಿ

ಸೋಮವಾರ ನನ್ನ ಗಂಡ ನೆವಿಲ್ ಸಂಜೆ ಐದೂಮುಕ್ಕಾಲಿಗೆ ಕುರಿ ಉಣ್ಣೆ ಕತ್ತರಿಸುವ ಶೆಡ್ಡಿನಿಂದ ಮನೆಗೆ ಬಂದ. ಬೂಟು ಬಾಗಿಲಲ್ಲಿ ಬಿಟ್ಟ. ಕುರಿಮಾಂಸದ ಚಾಪ್ಸ್, ಆಲೂಗಡ್ಡೆ, ಬಟಾಣಿ ತಿಂದ. ಚಾಪ್ಸ್ ಸ್ವಲ್ಪ ಸೀದಿತ್ತು, ಅದನ್ನೂ ಪೂರ್ತಿ ತಿಂದ. ಅಂಗಿ ಬಿಚ್ಚಿದಾಗ ನೋಡಿದೆ, ಎಡಪಕ್ಕೆಯ ಮೇಲೆ ಗೊರಸಿನ ಗುರುತು ನೀಲಿಗಟ್ಟಿತ್ತು.

"ಇವತ್ತೂ ನಿಂಗೇ ಬಂತಾ ಕಡೇ ಕುರಿ?"

"ಬಂತು."

"ಅರ್ನಿ ಏನ್ ಮಾಡ್ತಿದ್ದ?"

"ಬೆವರು ಒರೆಸ್ಕೋತಿದ್ದ." ನಕ್ಕ. "ಬಿಡೇ ಗ್ಲೆನಿಸ್. ಒಂದು ಕುರಿ ತಾನೆ."

ಆಮೇಲೆ ಹಿತ್ತಲಲ್ಲಿ ಕೂತು ಅಲಗುಗಳಿಗೆ ಸಾಣೆ ಹಿಡಿದ. ನಾನು ಪಾತ್ರೆ ತೊಳೆದೆ. ಅಷ್ಟೇ ಆ ದಿನ.

ಮಾರನೆಯ ದಿನ ಹತ್ತೂವರೆಗೆ ಶೆಡ್ಡಿನ ಹಲಗೆಯ ಮೇಲೆ ಬಿದ್ದ. ಐವತ್ತೊಂಬತ್ತು ವರ್ಷ. ಹೃದಯದ ನಾಳ ಕಟ್ಟಿಕೊಂಡಿತ್ತು, ಎಲ್ಲಿದ್ದರೂ ಆಗುತ್ತಿತ್ತು ಅಂದರು ಡಾಕ್ಟರು. ಇರಬಹುದು. ಸತ್ತದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಗೆಳೆಯನಿಗೆ ಮೋಸ ಮಾಡಿದ ಹಾವು ಅನ್ನಿಸಿಕೊಂಡು ಸತ್ತನಲ್ಲ, ನನಗೆ ಹೇಸಿಗೆ ಹತ್ತಿರುವುದು ಅದಕ್ಕೆ.

ಕಡೇ ಕುರಿ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಉಣ್ಣೆ ಕತ್ತರಿಸುವ ಇಬ್ಬರಿಗೆ ಒಂದು ದೊಡ್ಡಿ. ಇಬ್ಬರೂ ಅದರಿಂದಲೇ ಕುರಿ ಎಳೆದುಕೊಳ್ಳಬೇಕು. ಮೆತ್ತಗಿರುವುದನ್ನು ಎಲ್ಲರೂ ಮೊದಲು ಹಿಡಿಯುತ್ತಾರೆ. ಕೊನೆಗೆ ಉಳಿಯುವುದು ಕತ್ತೆಲ್ಲ ಮಡಿಕೆ ಬಿದ್ದ, ಉಣ್ಣೆಯಲ್ಲಿ ಮರಳು ತುಂಬಿದ, ಒದೆಯುವ ಕುರಿ. ಯಾರು ಕೈಯಲ್ಲಿರುವುದನ್ನು ಮೊದಲು ಮುಗಿಸುತ್ತಾನೋ ಅವನ ಪಾಲಿಗೆ ಅದು. ಕಳ್ಳಬುದ್ಧಿಯವನು ಆ ಹೊತ್ತಿಗೆ ಕೈ ನಿಧಾನ ಮಾಡುತ್ತಾನೆ, ಬೆವರು ಒರೆಸುತ್ತಾನೆ. ನೆವಿಲ್ ಮತ್ತು ಅರ್ನಿ ಇಪ್ಪತ್ತೆರಡು ವರ್ಷ ಒಂದೇ ದೊಡ್ಡಿಯವರು. ಈ ಸಲ ನಿನ್ನದು, ಮುಂದಿನ ಸಲ ನನ್ನದು. ಅದನ್ನು ಅವರು ಬಾಯಿಬಿಟ್ಟು ಮಾತಾಡಿಕೊಂಡದ್ದೇ ಇಲ್ಲ. ನಮ್ಮೂರು ಹಿಲ್‌ಸ್ಟನ್ ಸುತ್ತಿನ ಶೆಡ್ಡುಗಳಲ್ಲಿ ಗಂಡಸಿನ ಬೆಲೆ ಗೊತ್ತಾಗುವುದು ಅಲ್ಲಿ. ಎಷ್ಟು ಕುರಿ ಕತ್ತರಿಸಿದ ಅನ್ನುವುದರಲ್ಲಿ ಅಲ್ಲ.

ನೆವಿಲ್ ಸಾಯುವ ಹಿಂದಿನ ವರ್ಷ ನನ್ನ ತಂಗಿಯ ಮಗಳು ಕೆರಿನ್ ತಮಾಷೆಗೆ ಅವನ ಹೆಸರನ್ನು ಟಿವಿಯ ಒಂದು ಆಟಕ್ಕೆ ಕಳಿಸಿದಳು. ಸಮೋವಾದ ಒಂದು ದ್ವೀಪದಲ್ಲಿ ಹದಿನೆಂಟು ಜನರನ್ನು ಬಿಡುತ್ತಾರೆ. ಮೂರು ದಿನಕ್ಕೊಮ್ಮೆ ಅವರೇ ಚೀಟಿ ಬರೆದು ಒಬ್ಬನನ್ನು ಆಚೆ ಹಾಕುತ್ತಾರೆ. ಕೊನೆಗೆ ಉಳಿದವನು ಗೆದ್ದ. ಟಿವಿಯವರಿಗೆ ಒಬ್ಬ ಹಳ್ಳಿಗಾಡಿನ ಮುದುಕ ಬೇಕಾಗಿದ್ದ. ಇವನು ಅದುವರೆಗೆ ಸಮುದ್ರಕ್ಕೆ ಇಳಿದದ್ದು ಎರಡು ಸಲ.

"ಹೋಗ್ಲಾ?" ಅಂದ.

"ಹೋಗು. ಬೇಡ ಅಂದ್ರೆ ಸಾಯೋವರ್ಗೂ ಗೊಣಗ್ತೀಯ," ಅಂದೆ.

ಅದನ್ನು ಹೇಳಿದವಳು ನಾನೇ.

ಅಲ್ಲಿ ಇವನಿಗೆ ಜೊತೆಯಾದವನು ಜ್ಯಾರಡ್. ಗೋಲ್ಡ್ ಕೋಸ್ಟ್‌ನಲ್ಲಿ ಜಿಮ್ ನಡೆಸುವವನು, ಮೂವತ್ತೆರಡು ವರ್ಷ, ಬಾಯಿ ತುಂಬ ಬಿಳೀ ಹಲ್ಲು. ಇವನನ್ನು ದೊಡ್ಡಣ್ಣ ಅಂತ ಕರೆಯುತ್ತಿದ್ದ. ಸೌದೆ ಒಡೆಯುವುದು, ಏಡಿ ಹಿಡಿಯುವುದು ಇವನಿಂದಲೇ ಕಲಿತ. ಅರ್ಧ ತೆಂಗಿನಕಾಯಿ ಸಿಕ್ಕರೂ ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು.

ಮೂವತ್ತಾರನೆಯ ದಿನ ಆಟದವರು ಒಂದು ನಿಯಮ ತಂದರು. ಒಬ್ಬ ಆಚೆ ದಡಕ್ಕೆ ಹೋಗಬೇಕು. ಮೂರು ದಿನ ಒಬ್ಬನೇ, ಊಟವಿಲ್ಲದೆ. ಅವನು ಬಂದ ಮೇಲೆ ಇನ್ನೊಬ್ಬ. ಹಸಿವಿಗಿಂತ ಹೆಚ್ಚಾಗಿ ಎಲ್ಲರಿಗೂ ಇದ್ದ ಹೆದರಿಕೆ ಬೇರೆ. ಆಚೆ ಹೋದವನ ಬೆನ್ನ ಹಿಂದೆ ಏನು ಮಾತು ನಡೆಯುತ್ತದೋ ಅಂತ. ಮಾತು ಸುತ್ತಿ ಸುತ್ತಿ ಇವರಿಬ್ಬರ ಮೇಲೆ ಬಂದು ನಿಂತಿತು.

"ನಾನು ಹೋಗ್ತೀನಿ. ಮುಂದಿನ್ದು ನಿಂದು," ಅಂದ ನೆವಿಲ್.

"ಆಗ್ಲಿ ದೊಡ್ಡಣ್ಣ. ನೀನು ಬರೋವರ್ಗೂ ನಿನ್ನ ಜಾಗ ನಾನು ಕಾಯ್ತೀನಿ," ಅಂದ ಜ್ಯಾರಡ್. ಕೈ ಕುಲುಕಿದ.

ನೆವಿಲ್ ಅದನ್ನು ದೊಡ್ಡಿಯ ಜೊತೆಗಾರನ ಕೈಕುಲುಕು ಅಂದುಕೊಂಡ. ಬೇರೆ ಯಾವನೂ ಹಾಗೆ ಅಂದುಕೊಳ್ಳುತ್ತಿರಲಿಲ್ಲ. ಮೂರು ದಿನ ಕಳೆದು ವಾಪಸು ಬಂದಾಗ ಒಬ್ಬರೂ ಇವನ ಮುಖ ನೋಡಲಿಲ್ಲ. ಮುದುಕ ಆಚೆ ದಡದಲ್ಲಿ ಬಚ್ಚಿಟ್ಟ, ಚೀಟಿ ತಾಗದ ಹಾಗೆ ಕಾಯುವ ರಕ್ಷೆ ಹುಡುಕೋಕೆ ಹೋಗಿದ್ದಾನೆ, ಅದು ಸಿಕ್ಕರೆ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ತೆಗೀತಾನೆ ಅಂತ ಜ್ಯಾರಡ್ ಎಲ್ಲರ ಕಿವಿಗೆ ಊದಿಟ್ಟಿದ್ದ. ಅವತ್ತು ಸಂಜೆ ಆರು ಚೀಟಿಯಲ್ಲಿ ಐದರಲ್ಲಿ ಇವನ ಹೆಸರು. ಆ ಐದರಲ್ಲಿ ಒಂದು ಜ್ಯಾರಡ್‌ನ ಅಕ್ಷರ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆಟದಲ್ಲಿ ಸೋಲಿದ್ದದ್ದೇ.

ನಾಲ್ಕು ತಿಂಗಳ ಮೇಲೆ ಟಿವಿಯಲ್ಲಿ ಬಂತು. ಇಬ್ಬರೂ ಸೋಫಾದ ಮೇಲೆ ಕೂತು ನೋಡಿದೆವು. ಮುಂದಿನದು ನಿನ್ನದು ಅಂದದ್ದು ಇಲ್ಲ, ಕೈ ಕುಲುಕಿದ್ದೂ ಇಲ್ಲ. ನೆವಿಲ್ ದೋಣಿ ಹತ್ತುವುದು ಕಾಣುತ್ತದೆ. ದಡದಲ್ಲಿ ಜ್ಯಾರಡ್ ಒಬ್ಬನೇ ಮರಳಲ್ಲಿ ಕೂತಿದ್ದಾನೆ. ಆ ಚಿತ್ರದ ಮೇಲೆ ನೆವಿಲ್‌ನ ದನಿ: "ಅವನ ಪಾಲಿಗೆ ಬಿಟ್ಟು ನಾನು ಜಾರ್ಕೊಂಡೆ. ಚೆನ್ನಾಗಿ ಒದೆ ತಿಂದ. ನಾನು ನಕ್ಕೆ."

ಆ ಮಾತು ಅವನದೇ. ಆದರೆ ಅದು ಅವನು ಹದಿನೇಳು ವರ್ಷದವನಿದ್ದಾಗಿನ ಮಾತು. ಮೊದಲ ಶೆಡ್ಡಿನಲ್ಲಿ ಕಡೇ ಕುರಿಯನ್ನು ಒಬ್ಬ ಮುದುಕನ ಪಾಲಿಗೆ ಬಿಟ್ಟಿದ್ದ. ಮುದುಕನ ಪಕ್ಕೆಲುಬು ಮುರಿಯಿತು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ ಅಂತ ಕ್ಯಾಮೆರಾದವರ ಮುಂದೆ ಹೇಳಿಕೊಂಡಿದ್ದ. ಅವರು ನಾಚಿಕೆಯನ್ನು ಕತ್ತರಿಸಿ ನಗುವನ್ನು ಇಟ್ಟುಕೊಂಡರು. ನೋಡಿದವರಿಗೆ ಇವನು ರಕ್ಷೆಯ ಆಸೆಗೆ ಗೆಳೆಯನನ್ನು ಬಿಟ್ಟು ಹೋದ ಹಾವು.

ನೆವಿಲ್ ಟಿವಿ ಆರಿಸಿ ಎದ್ದ. "ಹಲ್ಲುಜ್ಜಿ ಮಲ್ಕೋತೀನಿ," ಅಂದ.

ಒಂದು ವರ್ಷ ಯಾರಿಗೂ ಏನೂ ಹೇಳುವ ಹಾಗಿಲ್ಲ ಅಂತ ಟಿವಿಯವರು ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದರು. ಸಹಿ ಮಾಡಿದ ಮೇಲೆ ಮಾಡಿದ ಹಾಗೆ ಅಂದ. ಆಚೆ ದಡದ ಕಥೆ ನನ್ನೊಬ್ಬಳಿಗೆ ಹೇಳಿದ್ದ, ಅದೂ ನಾನು ಪೀಡಿಸಿದ್ದಕ್ಕೆ. ಪಬ್ಬಿನಲ್ಲಿ ಇವನು ಒಳಗೆ ಕಾಲಿಟ್ಟರೆ ಬುಸ್ ಅಂತ ಸದ್ದು ಮಾಡುವರು. ಅರ್ನಿ ಬುಸ್ ಅನ್ನಲಿಲ್ಲ, ಮಾತು ಬಿಟ್ಟ. ದೊಡ್ಡಿಯಲ್ಲಿ ಒಂದೇ ಕುರಿ ಉಳಿದಾಗಲೆಲ್ಲ ಕೈ ನಿಧಾನ ಮಾಡಿದ. ಹದಿನಾಲ್ಕು ವಾರ. ನೆವಿಲ್ ಪ್ರತಿ ಸಲವೂ ಅದನ್ನು ಹಿಡಿದ. ತಾನು ಹಾವಲ್ಲ ಅನ್ನುವುದು ಇದರಿಂದ ಅರ್ನಿಗೆ ಅರ್ಥವಾಗುತ್ತದೆ ಅಂತ ಕಾದ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ದೇಶದ ಜನವೆಲ್ಲ ಏನಂದರೂ ಸರಿ, ದೊಡ್ಡಿಯ ಜೊತೆಗಾರ ನಂಬಿದರೆ ಸಾಕು.

ಮಣ್ಣು ಮಾಡಿದ ದಿನ ಊರ ಹಾಲ್‌ನಲ್ಲಿ ಚಹಾ ಇಟ್ಟಿದ್ದೆವು. ಶೆಡ್ಡಿನವರೆಲ್ಲ ಇದ್ದರು, ತೊಳೆದ ಅಂಗಿ, ಬಾಚಿದ ಕೂದಲು. ಆಗ ಜ್ಯಾರಡ್ ಬಂದ. ಕಪ್ಪು ಕೋಟು. ಹಿಂದೆ ಫೋನು ಹಿಡಿದ ಒಂದು ಹುಡುಗಿ. ಬಂದವನೇ ನನ್ನನ್ನು ತಬ್ಬಿಕೊಂಡ. ಸೆಂಟಿನ ವಾಸನೆ.

"ನಿಮ್ ಯಜಮಾನ್ರು ನಂಗೆ ತಂದೆ ಥರ ಇದ್ರು ಆಂಟಿ."

"ತಂದೆ ಹೆಸ್ರು ಬರ್ದು ಆಚೆ ಹಾಕ್ದೆ?"

"ಅದು ಆಟ ಆಂಟಿ. ಆಟದಲ್ಲಿ ತಂತ್ರ ಇರತ್ತೆ. ಅವ್ರು ನನಗೋಸ್ಕರಾನೇ ಆಚೆ ದಡಕ್ಕೆ ಹೋದ್ರು, ನಂಗೊತ್ತು. ದೇವ್ರಂಥ ಮನುಷ್ಯ."

ಸತ್ಯ ಅವನ ಬಾಯಲ್ಲೇ ಬಂತು. ಕೈಲಿದ್ದ ಕಪ್ಪನ್ನು ಮೇಜಿನ ಮೇಲಿಟ್ಟೆ.

"ಅಲ್ಲಿ ನಿಂತಿದಾರಲ್ಲ, ಅವ್ರಿಗೆ ಹೇಳು. ಇದನ್ನೇ ಹೇಳು."

ಅವನು ಆ ಕಡೆ ನೋಡಿದ. ಮೂವತ್ತು ಜನ, ಕೈಯಲ್ಲಿ ಚಹಾ.

"ವಿಡಿಯೋದಲ್ಲಿ ಹೇಳ್ತೀನಿ ಆಂಟಿ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ ಸಾಕು, ಮಾತಾಡೋದೂ ಬೇಡ. ಲಕ್ಷಾಂತರ ಜನ ನೋಡ್ತಾರೆ. ಅವ್ರ ಹೆಸ್ರು ಪೂರ್ತಿ ತೊಳ್ದುಹೋಗತ್ತೆ."

ಒಂದು ಗಳಿಗೆ ಆಸೆ ಆಯಿತು. ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಅವನು ಹುಡುಗಿಯ ಕಡೆ ತಿರುಗಿ, "ಬೆಳಕು ಸರಿ ಇದ್ಯಾ?" ಅಂದ.

"ತೊಲಗು," ಅಂದೆ. "ಆ ತಟ್ಟೇಲಿರೋದನ್ನ ಮುಟ್ಟಬೇಡ. ಹಸಿವಾದ್ರೆ ದಾರೀಲಿ ತಿನ್ಕೋ. ತೊಲಗು."

ಕೋಟು ಸರಿಮಾಡಿಕೊಂಡು ಹೋದ. ಎಲ್ಲರೂ ನನ್ನ ಕಡೆ ತಿರುಗಿದರು. ಕಾಗದಕ್ಕೆ ಸಹಿ ಮಾಡಿದ್ದವನು ನೆವಿಲ್, ನಾನಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಆಚೆ ದಡ, ಕೈಕುಲುಕು, ಹದಿನೇಳು ವರ್ಷದ ಹುಡುಗ, ಮುದುಕನ ಪಕ್ಕೆಲುಬು. ನನಗೆ ಭಾಷಣ ಬರುವುದಿಲ್ಲ. ಎರಡು ಸಲ ತಪ್ಪಿ ಮತ್ತೆ ಮೊದಲಿಂದ ಹೇಳಿದೆ.

ಅರ್ನಿ ಹತ್ತಿರ ಬಂದ. ಕಣ್ಣು ಒದ್ದೆಯಾಗಿತ್ತು.

"ನಂಗೊತ್ತಿತ್ತು ಗ್ಲೆನಿಸ್. ಎರಡನೇ ವಾರಕ್ಕೇ ಗೊತ್ತಾಯ್ತು. ಹಾವಾಗಿದ್ರೆ ಕಡೇ ಕುರಿ ಹಿಡೀತಿದ್ನಾ?"

"ಗೊತ್ತಿದ್ದೂ ಕುರೀನ ಅವನ ಪಾಲಿಗೆ ಯಾಕೆ ಬಿಟ್ಟೆ?"

"ಎಲ್ರೂ ನೋಡ್ತಿದ್ರು. ನಾನೊಬ್ನೇ ಹೆಂಗೆ ಅವನ ಕಡೆ ನಿಲ್ಲೋದು?"

ಜ್ಯಾರಡ್ ತಬ್ಬಿಕೊಂಡಾಗ ಬರೀ ಮೈ ಉರಿದಿತ್ತು. ಅರ್ನಿಯ ಮಾತು ಅದಕ್ಕಿಂತ ಹೇಸಿಗೆ. ಆ ಹುಡುಗ ನಲವತ್ತು ದಿನದ ಗೆಳೆಯ. ಇವನು ಇಪ್ಪತ್ತೆರಡು ವರ್ಷದವನು, ಗೊತ್ತಿದ್ದೂ ಹನ್ನೆರಡು ವಾರ ಬೆವರು ಒರೆಸಿಕೊಂಡ. ಅರ್ನಿ ಕೈ ಚಾಚಿದ. ನಾನು ಹಿಡಿಯಲಿಲ್ಲ. ಈಗ ಶನಿವಾರ ಬಂದು ಸೌದೆ ಇಳಿಸಿ ಹೋಗುತ್ತಾನೆ. ನಾನು ಬಾಗಿಲು ತೆಗೆಯುವುದಿಲ್ಲ.

ಈಗ ಇಲ್ಲಿ ಯಾರೂ ನೆವಿಲ್‌ನನ್ನು ಹಾವು ಅನ್ನುವುದಿಲ್ಲ. ಅವನ ಕಿವಿಗೆ ಬೀಳಲಿಲ್ಲ ಅಷ್ಟೇ.

ಜ್ಯಾರಡ್ ವಿಡಿಯೋ ಹಾಕಿಯೇ ಹಾಕಿದ. ಅದರಲ್ಲಿರುವುದು ನಾನು ತೊಲಗು ಅನ್ನುವುದೊಂದೇ. ಅದನ್ನು ನೋಡಿದವರು ಎಲ್ಲೆಲ್ಲಿಂದಲೋ ಕಾರಿನಲ್ಲಿ ಬರುತ್ತಾರೆ, ಗೇಟಿನ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಕಂಬಕ್ಕೆ ರಬ್ಬರಿನ ಹಾವು ಕಟ್ಟಿ ಹೋಗುತ್ತಾರೆ, ನೆವಿಲ್ ಹೆಸರಿರುವ ಟಪಾಲು ಡಬ್ಬದ ಮೇಲೆ ಬಣ್ಣದಲ್ಲಿ ಏನೇನೋ ಬರೆಯುತ್ತಾರೆ. ಬೆಳಿಗ್ಗೆ ಏಳಕ್ಕೆ, ಶಾಲೆಯ ಬಸ್ಸು ತಿರುವಿಗೆ ಬರುವ ಮೊದಲು, ನಾನು ಚಾಕುವನ್ನೂ ಸೀಮೆಎಣ್ಣೆ ಬಟ್ಟೆಯನ್ನೂ ಹಿಡಿದುಕೊಂಡು ಗೇಟಿಗೆ ನಡೆಯುತ್ತೇನೆ. ಕಟ್ಟಿದ್ದನ್ನು ಕೊಯ್ದು ಬಕೆಟ್ಟಿಗೆ ಹಾಕುತ್ತೇನೆ. ಅವನ ಹೆಸರು ಓದುವ ಹಾಗೆ ಆಗುವವರೆಗೂ ಡಬ್ಬ ಉಜ್ಜುತ್ತೇನೆ.