ಉಬ್ಬಸ ನಿಂತ ದಾರಿ

ಅಕ್ಕನ ಉಬ್ಬಸದ ಶಬ್ದ ನಿಂತದ್ದು ಶಿರಸಿ ದಾರಿಯಲ್ಲಿ ಎಕ್ಕಂಬಿ ದಾಟಿದ ಮೇಲೆ, ಒಂದು ತಿರುವಿನಲ್ಲಿ. ಆ ತಿರುವು ನನಗೆ ಇವತ್ತಿಗೂ ಗೊತ್ತು; ಬಸ್ಸು ಅಲ್ಲಿಗೆ ಬಂದಾಗ ಆಡುತ್ತಿದ್ದ ಮಾತು ತಾನೇ ನಿಲ್ಲುತ್ತದೆ.

ತೊಂಬತ್ತರ ದಶಕ. ಅಕ್ಕ ತವರಿಗೆ ಬಂದಿದ್ದಳು. ಶ್ರಾದ್ಧಕ್ಕೆಂದು ಅಟ್ಟದಿಂದ ಹಳೆಯ ಚಾಪೆಗಳನ್ನು ಇಳಿಸಿ ಕೊಡವಿದಾಗ ಎದ್ದ ದೂಳೇ ಉಬ್ಬಸಕ್ಕೆ ನೆಪವಾಯಿತು. ಔಷಧದ ಪಂಪನ್ನು ಬಾಯಿಗಿಟ್ಟು ಒತ್ತಿ ಒತ್ತಿ ಎಳೆದರೂ ಉಸಿರು ಒಳಗೆ ಹೋಗಲಿಲ್ಲ. ಜೀಪು ಗೊತ್ತುಮಾಡಿ ಶಿರಸಿಗೆ ಹೊರಟಾಗ ಅವಳ ಎದೆಯ ಸಿಳ್ಳು ಎಂಜಿನ್ನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಹೆತ್ತ ಆಯಿ ಅವಳ ಬೆನ್ನು ನೀವುತ್ತ, ಈ ಶಬ್ದವೊಂದು ನಿಲ್ಲಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೇಳಿಕೊಳ್ಳುತ್ತಿದ್ದಳು.

ನಿಂತಿತು. ಅಕ್ಕ ಆಯಿಯ ಭುಜಕ್ಕೆ ತಲೆ ಒರಗಿಸಿದಳು.

"ನಿದ್ದೆ ಬಂಜು," ಆಯಿ ಪಿಸುಗುಟ್ಟಿದಳು. "ಹೊಂಡ ತಪ್ಪಿಸಿ ನಿಧಾನ ಹೊಡಿ. ಏಳ್ಸಡಿ ಯಾರೂ."

ಡ್ರೈವರ್ ಗೇರು ಇಳಿಸಿದ. ಅವಳಿಗೆ ಎಚ್ಚರವಾದೀತೆಂದು ಹಾರನ್ ಕೂಡ ಒತ್ತದೆ, ತೊಟ್ಟಿಲು ತೂಗುವವನಂತೆ ಜೀಪು ನಡೆಸಿದ. ನಾವೆಲ್ಲ ಹಗುರಾದೆವು. ಊಟದ ಹೊತ್ತಿಗೆ ಮನೆಗೆ ವಾಪಸಾಗಬಹುದು ಎಂದು ಅಪ್ಪಯ್ಯ ಹೇಳಿದ್ದೂ ನೆನಪಿದೆ.

ಶಿರಸಿಯಲ್ಲಿ ಡಾಕ್ಟರು ಅಕ್ಕನ ಎದೆಗೆ ಸ್ಟೆತಸ್ಕೋಪ್ ಇಟ್ಟರು, ಬೆನ್ನಿಗಿಟ್ಟರು, ಮತ್ತೆ ಎದೆಗೆ. ಅವಳ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು. ಜೀಪಿನ ನೆರಳಿನಲ್ಲಿ ನಮಗದು ಕಂಡಿರಲಿಲ್ಲ.

"ಶಬ್ದ ಯಾವಾಗ ನಿಂತಿತು?"

ದಾರಿಯಲ್ಲೇ ಕಡಿಮೆಯಾಯಿತು, ಈಗ ನಿದ್ದೆ ಹತ್ತಿದೆ ಎಂದಳು ಆಯಿ.

"ನಿದ್ದೆ ಅಲ್ಲಮ್ಮ. ಸಿಳ್ಳು ಹೊಡಿಯೋಷ್ಟೂ ಗಾಳಿ ಓಡಾಡ್ತಾ ಇಲ್ಲ."

ಆಮ್ಲಜನಕ, ಮಾಸ್ಕಿನೊಳಗೆ ಔಷಧದ ಮಂಜು, ರಕ್ತನಾಳಕ್ಕೆ ಸ್ಟಿರಾಯ್ಡ್. ಸ್ಟಿರಾಯ್ಡ್ ಹಿಡಿಯಲು ತಾಸುಗಟ್ಟಲೆ ಬೇಕಂತೆ. ಅಲ್ಲಿಯವರೆಗೆ ಅವಳು ಉಳಿಯಬೇಕಲ್ಲ, ದೊಡ್ಡ ಸಿರಿಂಜಿನಲ್ಲಿ ಶ್ವಾಸನಾಳ ಸಡಿಲಿಸುವ ಅಮಿನೋಫಿಲಿನ್ ತುಂಬಿಸಿಕೊಂಡರು. ಒತ್ತುತ್ತಿದ್ದಾರೋ ಸುಮ್ಮನೆ ಹಿಡಿದುಕೊಂಡಿದ್ದಾರೋ ತಿಳಿಯದಷ್ಟು ನಿಧಾನ. ಸ್ವಲ್ಪ ಬೇಗ ಕೊಡಿ ಎಂದು ಬೇಡಿಕೊಂಡೆ. ಬೇಗ ಕೊಟ್ಟರೆ ಹೃದಯ ತಡೆಯುವುದಿಲ್ಲ ಎಂದರು, ಅವಳ ಮುಖದಿಂದ ಕಣ್ಣು ತೆಗೆಯದೆ.

ಕೊನೆಗೆ ಅಕ್ಕನ ಎದೆಯಲ್ಲಿ ಸಣ್ಣಗೆ ಸಿಳ್ಳು ಶುರುವಾಯಿತು. ಮತ್ತೆ ಬಂತು ಎಂದು ಆಯಿ ಅಳತೊಡಗಿದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತರು. ಅದು ಬರಲಿ ಎಂದೇ ಕಾಯುತ್ತಿದ್ದೆ ಎಂದರು.

ಅಕ್ಕ ಉಳಿದಳು. ಆದರೆ ಅವಳ ಸದ್ದಿಲ್ಲದ ನಿದ್ದೆಯನ್ನು ನನಗೆ ನಂಬಲಾಗುವುದಿಲ್ಲ. ಊಟ ಮುಗಿಸಿ ಅವಳು ಮಲಗಿದರೆ, ಬಾಗಿಲಲ್ಲಿ ನಿಂತು ಹೊದಿಕೆ ಏರಿಳಿಯುವುದನ್ನು ನೋಡುತ್ತೇನೆ. ಅವಳಿಗೆ ಗೊತ್ತು. ಕಣ್ಣು ತೆರೆಯದೆ ಹೇಳುತ್ತಾಳೆ:

"ಆನು ಇನ್ನೂ ಇದ್ದಿ ತಮಾ. ಹೋಗಿ ಚಾ ಕುಡಿ."

ಹೋಗುತ್ತೇನೆ. ಚಾ ಆರುವವರೆಗೂ ಕಿವಿ ಆ ಕೋಣೆಯಲ್ಲೇ ಇರುತ್ತದೆ.