ನೆಪ್ಚೂನಿನ ಆಚೆ ಖಾಲಿ ಜಾಗವಿಲ್ಲ

ಹುಲಗೋಳದ ಚೌಡ ಮೂವತ್ತು ವರ್ಷದಿಂದ ಶಾಲೆಯ ಗೋಡೆಗಳಿಗೆ ಚಿತ್ರ ಬರೆದೇ ಬದುಕಿದವನು. ಓದಿದ್ದು ನಾಲ್ಕನೇ ಇಯತ್ತೆ. ಆದರೆ ತಿಳಿಯದ್ದನ್ನು ಬರೆಯಲಾರ. ನವಿಲಿನ ಕಾಲಿಗೆ ಎಷ್ಟು ಬೆರಳೆಂದು ಎಣಿಸಿಯೇ ಕುಂಚ ಎತ್ತುವ ಆಸಾಮಿ.

ಬನವಾಸಿ ಕಡೆಯ ಶಾಲೆಯೊಂದರಲ್ಲಿ ಸೌರಮಂಡಲ ಬರೆಯುವಾಗಲೂ ಹಾಗೇ ಆಯಿತು. ಪುಸ್ತಕದಲ್ಲಿ ಬಾಲ ಬಿಟ್ಟ ಧೂಮಕೇತುವೊಂದಿತ್ತು. "ಇದು ಎಲ್ಲಿಂದ ಬತ್ತದೆ ಅಕ್ಕೋರೆ?" ಎಂದು ವಿಜ್ಞಾನದ ಗಂಗಾಂಬಿಕಾ ಟೀಚರನ್ನು ಕೇಳಿದ.

"ಆರೇಳು ವರ್ಷಕ್ಕೊಮ್ಮೆ ತಿರುಗಿ ಬರೂವು ನೆಪ್ಚೂನಿನ ಆಚಿಂದ ಬರ್ತಾವ ಚೌಡಣ್ಣ. ಅಲ್ಲಿ ಲಕ್ಷಗಟ್ಟಲೆ ಮಂಜಿನ ಗಡ್ಡೆ ಅದಾವ. ನೆಪ್ಚೂನ್ ಒಂದೊಂದನ್ನ ಜಗ್ಗಿ ಒಳಗ ದೂಡತೈತಿ. ಕಡೀಕ ಗುರುಗ್ರಹ ಸೂರ್ಯನ ಹತ್ತರ ತಂದು ಬಿಡತೈತಿ."

"ಯಾರು ಹೋಗಿ ನೋಡ್ಕಂಡು ಬಂದ್ರು?"

ಟೀಚರು ನಕ್ಕರು. "ವಿಜ್ಞಾನಿಗಳು ಮೊದ್ಲು ಲೆಕ್ಕ ಹಾಕಿದ್ರು. ಇವು ಹೆಚ್ಚುಕಮ್ಮಿ ಗ್ರಹಗಳ ಮಟ್ಟದಾಗ ಬರ್ತಾವ. ಇವುಗಳ ಮನಿ ಸುತ್ತಲೂ ಇದ್ದಿದ್ರ ಮ್ಯಾಲಿಂದ, ಕೆಳಗಿಂದಾನೂ ಬರಬೇಕಿತ್ತು. ಹಂಗಾಗಿ ಮನಿ ಚಪ್ಪಟೆ ಐತಿ ಅಂದ್ರು. ಆಮ್ಯಾಲ ದುರ್ಬೀನಿನಾಗ ಗಡ್ಡೆನೂ ಕಂಡವು."

ದಾರ ಹಿಡಿದು ಮಟ್ಟ ನೋಡುವ ಚೌಡನಿಗೆ ಈ ಮಾತು ಒಪ್ಪಿತವಾಯಿತು. ಮೂರು ದಿನ ಕೂತು, ನೆಪ್ಚೂನಿನಿಂದ ಗೋಡೆಯ ತುದಿಯ ತನಕ ನಾನೂರು ಗಡ್ಡೆ ಬರೆದ. ಒಂದರಂತೆ ಒಂದಿರಲಿಲ್ಲ.

ನಾಲ್ಕನೆಯ ದಿನ ಶಾಲಾ ಸಮಿತಿಯ ಅಧ್ಯಕ್ಷ ಶಿವಲಿಂಗಪ್ಪ ಬಂದರು. "ಈ ಚುಕ್ಕಿ ಎಲ್ಲಾ ಅಳಸು. ಖಾಲಿ ಜಾಗದಾಗ ದಾನಿಗಳ ಹೆಸರು ಬರಿ. ನಂದು ಮೊದ್ಲಿರ್ಲಿ."

ಚೌಡನಿಗೆ ಮೈಯೆಲ್ಲ ಉರಿದುಹೋಯಿತು. ಊರ ಗೋಮಾಳ ನುಂಗಿದ್ದು ಸಾಲದೆಂದು ಇವರಿಗೆ ಸೂರ್ಯನ ಹಿತ್ತಿಲೂ ಬೇಕಾಯಿತೇ!

"ಅದು ಖಾಲಿ ಅಲ್ಲ ಗೌಡ್ರೆ, ಧೂಮಕೇತು ಮನೆ. ನಿಮ್ಮ ಹೆಸರು ಹಿಂದಿನ ಗೋಡೆಗೆ ಬರ್ಕೊಡ್ತೆ."

"ಹಿಂದಿನ ಗ್ವಾಡಿ ಯಾರು ನೋಡ್ತಾರ?"

"ನಾ ಅಂತೂ ಅಳ್ಸೂದಿಲ್ಲ," ಎಂದು ಚೌಡ ಪಕ್ಕದಲ್ಲಿ ನಿಂತಿದ್ದ ಟೀಚರ ಮುಖ ನೋಡಿದ. ಅವರು ನೆಲ ನೋಡಿದರು. ಅಧ್ಯಕ್ಷರನ್ನು ಎದುರು ಹಾಕಿಕೊಂಡರೆ ಎತ್ತಂಗಡಿ ಎಂದು ಅವರಿಗೆ ಗೊತ್ತಿತ್ತು. ಆದರೂ ಚೌಡನಿಗೆ ಅದೇ ಹೆಚ್ಚು ಚುಚ್ಚಿತು.

ಗೋಡೆಚಿತ್ರದ ಉದ್ಘಾಟನೆಯ ಬೆಳಿಗ್ಗೆ ಬಂದು ನೋಡಿದರೆ ದೊಡ್ಡ ತಗಡಿನ ಬೋರ್ಡು, ಅದರಲ್ಲಿ ಹದಿನಾರು ಹೆಸರು. ಮೊಳೆ ಹೊಡೆದದ್ದು ಅವನ ಗಡ್ಡೆಗಳ ಮೇಲೇ. ಈಚೆ ಧೂಮಕೇತು ಮನೆಮಠವಿಲ್ಲದಂತೆ ನಿಂತಿತ್ತು. ಚೌಡ ಯಾರನ್ನೂ ಕೇಳಲಿಲ್ಲ. ಏಣಿ ಇಟ್ಟು ಹತ್ತಿ, ಇಕ್ಕಳದಿಂದ ಮೊಳೆ ಕೀಳತೊಡಗಿದ.

"ಯಾರಪ್ಪನ ಗ್ವಾಡಿ ಅಂತ ತಿಳಕಂಡಿ? ಇಳಿ ಕೆಳಗ!" ಶಿವಲಿಂಗಪ್ಪ ಕೂಗಿದರು.

"ಮಕ್ಕಳದ್ದು."

ಮೂರು ಮೊಳೆ ಬಂದವು. ಬೋರ್ಡು ವಾಲಿತು, ಒಬ್ಬನ ಕೈಗೆ ಅದು ಭಾರ. ಕೆಳಗೆ ನೋಡಿದರೆ ಗಂಗಾಂಬಿಕಾ ಟೀಚರು, ಸೆರಗು ಸಿಕ್ಕಿಸಿ, ಅಧ್ಯಕ್ಷರ ಎದುರಿಗೇ ಬೋರ್ಡಿನ ಅಂಚು ಹಿಡಿದು ನಿಂತಿದ್ದರು.

"ಕಡೀ ಮೊಳಿ ಕೀಳ್ರಿ ಚೌಡಣ್ಣ," ಎಂದರು. "ನಾ ಹಿಡದೀನಿ."